ನಿನ್ನೆ ಯಾಕೆ ಬರ್ಲಿಲ್ಲ?

ಕಾರವಾರದಲ್ಲಿ ಮಳೆ ಹೊಳವಾಗಿ ಹತ್ತು ದಿನ ಆಯ್ತು. ಆಗಾಗ ಒಂದು ಸುರಿತ ಬಿಟ್ಟರೆ ಬೆಳಿಗ್ಗೆ ಎಲ್ಲ ಒಣಗಿರುತ್ತದೆ. ದಂಡೆ ಗಟ್ಟಿಯಾಗಿದೆ, ನಾನೂ ಮತ್ತೆ ಓಡಲು ಶುರು ಮಾಡಿದ್ದೇನೆ. ನಿಮ್ಮ ಪತ್ರಗಳೂ ಹಳೇ ಜಾಗಕ್ಕೇ ಬಂದಿವೆ: ಓಟ, ಓದು, ಮತ್ತೆ ಆ ಮೂರನೆಯದು. ಅದನ್ನು ಯಾರೂ ನೇರ ಕೇಳುವುದಿಲ್ಲ. ಮಂಡಿನೋವಿನ ಬಗ್ಗೆ ಒಂದು ಪುಟ ಬರೆದು, ಕೊನೇ ಸಾಲಿನಲ್ಲಿ "ಅಂದ ಹಾಗೆ ಅಕ್ಕಾ, ಈ ಬದುಕಿನ ಉದ್ದೇಶ ಏನು?" ಅಂತ ತುರುಕುತ್ತೀರಿ. ಈ ವಾರ ಅಂಥ ಕೊನೇ ಸಾಲುಗಳೇ ಜಾಸ್ತಿ.

ಅಕ್ಕಾ, ನನಗೆ 29. ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತೇನೆ. ಎರಡು ವರ್ಷ ತಯಾರಿ ಮಾಡಿ ಹೋದ ತಿಂಗಳು ಮೊದಲ ಸಲ 21 ಕಿಲೋಮೀಟರ್ ಓಡಿ ಮುಗಿಸಿದೆ. ಮೆಡಲ್ ಕೊಟ್ಟರು, ತಂದು ಗೋಡೆಗೆ ಹಾಕಿದೆ. ಮರುದಿನದಿಂದ ಬೂಟು ಮುಟ್ಟುವ ಮನಸ್ಸೇ ಇಲ್ಲ. ಓದೂ ಹಾಗೇ. ವರ್ಷಕ್ಕೆ 50 ಪುಸ್ತಕ ಅಂತ ಇಟ್ಟುಕೊಂಡು 31ಕ್ಕೆ ನಿಂತಿದ್ದೇನೆ. ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ ಅಂತಲೇ ಗೊತ್ತಾಗುತ್ತಿಲ್ಲ.
– ಶಿರಸಿಯಿಂದ ಒಬ್ಬ

ತಮ್ಮಾ, ನಾನೂ ಶಿರಸಿ ಕಡೆಯವಳೇ. ಮಾರಿಕಾಂಬಾ ಜಾತ್ರೆ ಮುಗಿದ ಮರುದಿನದ ಬಿಡಕಿಬೈಲು ನೋಡಿದ್ದೀರಲ್ಲ? ಎರಡು ವರ್ಷ ಕಾದ ಜಾತ್ರೆ. ಒಂಬತ್ತು ದಿನ ಕಾಲಿಡಲು ಜಾಗ ಇಲ್ಲದ ಕಡೆ ಈಗ ಬರೀ ಕಂಬದ ಗುಂಡಿ, ಹರಿದ ಬಣ್ಣದ ಕಾಗದ, ತೂಗಾಡುವ ವಾಯರು. ಸಣ್ಣವಳಿದ್ದಾಗ ಆ ದಿನ ಪೇಟೆಗೆ ಹೋದರೆ ಅಳು ಬರುತ್ತಿತ್ತು. ಆದರೆ ಜಾತ್ರೆ ಯಾಕೆ ಮಾಡಿದ್ವಿ ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ನಿಮ್ಮದೂ ಅಷ್ಟೇ. ದೇಹ ದಣಿದಿದೆ, ಎರಡು ಮೂರು ವಾರ ಬೇಕು. ದಣಿದ ದೇಹವನ್ನು ಕೂರಿಸಿಕೊಂಡು ಅರ್ಥ ಗಿರ್ಥ ಕೇಳಬೇಡಿ, ಅದು ಇಲ್ಲ ಅಂತಲೇ ಹೇಳುತ್ತದೆ.

ಇನ್ನು ಆ ಸಂಖ್ಯೆಗಳ ವಿಷಯ. ನೀವು ಓಡಿದ 21 ಕಿಲೋಮೀಟರ್ ಮ್ಯಾರಥಾನಿನ ಅರ್ಧ. ಪೂರ್ತಿ ಅಂದರೆ 42.195. ಆ 195 ಮೀಟರ್ ಎಲ್ಲಿಂದ ಬಂತು ಗೊತ್ತಾ? 1896ರ ಮೊದಲ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಸುಮಾರು 40 ಕಿಲೋಮೀಟರ್ ಇತ್ತು. 1908ರಲ್ಲಿ ಲಂಡನ್ನಿನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಡಿಸಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದ ಎದುರಿಗೆ ಮುಗಿಸಿದರು. ಅಳೆದರೆ ಇಷ್ಟಾಯ್ತು. 1921ರಲ್ಲಿ ಅದೇ ಕಾಯಂ ಆಯಿತು. ಯಾರೋ ಕೂತ ಖುರ್ಚಿಯವರೆಗಿನ ಅಳತೆಗೆ ನಾವು ಇಲ್ಲಿ ಮಂಡಿ ಸವೆಸುತ್ತೇವೆ. ತಪ್ಪೇನಿಲ್ಲ, ನಾನೂ ಸವೆಸಿದ್ದೇನೆ. ಅದರೊಳಗೆ ಅರ್ಥ ಅಡಗಿದೆ ಅಂತ ಹುಡುಕಲು ಹೋದರೆ ಮಾತ್ರ ಸಿಗುವುದು ಒಂದು ಖುರ್ಚಿ. 50 ಪುಸ್ತಕದ್ದೂ ಇದೇ ಕತೆ.

ನನ್ನದೊಂದು ಹೇಳುತ್ತೇನೆ. ಮೂರು ವರ್ಷದ ಹಿಂದೆ ಮಗ ಒಂದು ವಾಚು ಕೊಡಿಸಿದ. ಹೆಜ್ಜೆ, ಎದೆಬಡಿತ, ನಿದ್ದೆ ಎಲ್ಲ ಎಣಿಸುವಂಥದ್ದು. ಬಿಡದೆ 112 ದಿನ ಓಡಿದೆ. ಹೆಮ್ಮೆ ಬೇರೆ. ಆಮೇಲೆ ಜ್ವರ ಬಂದು ಎಂಟು ದಿನ ಮಲಗಿದೆ. ಏಳುವಷ್ಟರಲ್ಲಿ ವಾಚಿನಲ್ಲಿ ಸೊನ್ನೆ. ಬೇಜಾರಾಗಿ ಅದನ್ನು ಮನೆಯಲ್ಲೇ ಬಿಟ್ಟು ಸುಮ್ನೆ ದಂಡೆಗೆ ಹೋದೆ. ಅಲ್ಲಿ ದಂಡೆಯಿಂದಲೇ ಏಂಡಿ ಬಲೆ ಎಳೆಯುವ ಮೀನುಗಾರರು ಇರುತ್ತಾರೆ, ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಅವಳ ಹೆಸರು ನನಗೆ ಗೊತ್ತಿಲ್ಲ, ಅವಳಿಗೆ ನಾನು "ಓಡುವ ಬಾಯಿ". ಕೊಂಕಣಿಯಲ್ಲಿ ಬಾಯಿ ಅಂದರೆ ಹೆಂಗಸು. ಅಲ್ಲಿಯವರೆಗೆ ಕೈ ಎತ್ತಿದ್ದು ಬಿಟ್ಟರೆ ಮಾತಾಡಿದವರಲ್ಲ. ಅವತ್ತು ನಿಲ್ಲಿಸಿ ಕೇಳಿದಳು, "ನಿನ್ನೆ ಯಾಕೆ ಬರ್ಲಿಲ್ಲ?" ನಿನ್ನೆ ಮಾತ್ರ ಅಲ್ಲ, ಎಂಟು ದಿನ ಬಂದಿರಲಿಲ್ಲ. ಆದರೆ ಅವಳು ಕೇಳಿದ್ದು ಹಾಗೇ. ಜ್ವರ ಅಂದೆ. ಬುಟ್ಟಿಯಿಂದ ನಾಲ್ಕು ಬಂಗುಡೆ ತೆಗೆದು ಕೊಡಲು ಬಂದಳು. ನಾನು ಮೀನು ತಿನ್ನುವುದಿಲ್ಲ ಅಂದಾಗ ನನ್ನ ಜ್ವರಕ್ಕೆ ಕಾರಣ ಸಿಕ್ಕಿತು ಎಂಬ ಹಾಗೆ ನೋಡಿದಳು.

ಇಷ್ಟೇ ನಡೆದದ್ದು. ಆದರೆ ಅವತ್ತಿನಿಂದ ನಾನು ದಂಡೆಗೆ ಹೋಗುವುದಕ್ಕೆ ಕಾರಣ ಬೇಕು ಅಂತ ಅನಿಸಿಲ್ಲ.

ನಿಮಗೆ ಹೇಳುವುದು ಇದು: ಒಂದು ತಿಂಗಳು ವಾಚು ಬಿಚ್ಚಿಡಿ. ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಹಾಲು ಹಾಕಲು ಡೈರಿಗೆ ನಡೆದು ಹೋಗುವವರು ಇದ್ದರೆ ಅವರ ಜೊತೆ ಹೋಗಿ. ಅವರ ವೇಗ ನಿಮಗೆ ಹಿಂಸೆ ಆಗುತ್ತದೆ. ಆಗಲಿ. ಉಳಿದ 19 ಪುಸ್ತಕ ಎಲ್ಲಿಗೂ ಓಡಿ ಹೋಗುವುದಿಲ್ಲ.

ನನಗೆ 43. ಓಡಬೇಕು ಅಂತ ಆಸೆ. ಆದರೆ ನಮ್ಮೂರ ರಸ್ತೆಯಲ್ಲಿ ಹೆಂಗಸು ಓಡಿದರೆ ಎಲ್ಲರೂ ನಿಲ್ಲಿಸಿ "ಏನಾಯ್ತು, ಯಾರಿಗೆ ಹುಷಾರಿಲ್ಲ?" ಅಂತ ಕೇಳುತ್ತಾರೆ. ನಾಚಿಕೆಯಾಗಿ ಎರಡೇ ದಿನಕ್ಕೆ ಬಿಟ್ಟೆ.
– ಅಂಕೋಲಾ ಹತ್ತಿರದ ಹಳ್ಳಿ

ನನ್ನ ಪಕ್ಕ ಆಟೋ ನಿಲ್ಲಿಸಿ "ಹತ್ತಿ ಬಾಯೀ, ದುಡ್ಡು ಬೇಡ" ಅಂದವರಿದ್ದಾರೆ. ಪಾಪ, ಬಸ್ಸು ತಪ್ಪಿತು ಅಂದುಕೊಂಡಿದ್ದರು. ಮೊದಲ ವಾರ ಕೇಳುತ್ತಾರೆ. ಎರಡನೇ ವಾರ ಸುಮ್ಮನೆ ನೋಡುತ್ತಾರೆ. ಮೂರನೇ ವಾರ ನೀವು ಹೋಗದಿದ್ದರೆ ಮನೆಗೇ ಬಂದು ವಿಚಾರಿಸುತ್ತಾರೆ, ನೋಡಿ ಬೇಕಾದರೆ.

ಹೇಗೆ ಶುರು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿ, ಶುಗರ್ ಏನಾದರೂ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ ಸಾಕು. ಓಡುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಉಸಿರು ಕಟ್ಟಿ ಒಂದೊಂದೇ ಶಬ್ದ ಬಂದರೆ ಜೋರಾಯ್ತು ಅಂತ ಲೆಕ್ಕ. ಬಟ್ಟೆ ಯಾವುದಾದರೂ ನಡೆಯುತ್ತದೆ, ಚೂಡಿದಾರದ ವೇಲ್ ಮಾತ್ರ ಮನೆಯಲ್ಲಿ ಬಿಡಿ. ಬೂಟಿಗಿಂತ ಮೊದಲು ಒಳ್ಳೆ ಸ್ಪೋರ್ಟ್ಸ್ ಬ್ರಾ ತೆಗೆದುಕೊಳ್ಳಿ. ಇದನ್ನು ಅಂಕಣದಲ್ಲಿ ಬರೆದರೆ ಸಂಪಾದಕರು ಹುಬ್ಬು ಗಂಟಿಕ್ಕುತ್ತಾರೆ, ಆದರೆ ಓಡುವ ಹೆಂಗಸರಿಗೆ ಯಾರಾದರೂ ಹೇಳಬೇಕಲ್ಲ. ನಾಯಿ ಬೆನ್ನಟ್ಟಿದರೆ ಓಡಬೇಡಿ, ನಿಲ್ಲಿ. ಬೀದಿಯ ಒಬ್ಬ ಹೈಸ್ಕೂಲು ಹುಡುಗಿಯನ್ನು ಜೊತೆಗೆ ಕರೆದುಕೊಳ್ಳಿ. ಅವಳಿಗೂ ನೆಪ, ನಿಮಗೂ ನೆಪ.

ಇನ್ನೊಂದು ಮಾತು. ಹೆಣ್ಣುಮಕ್ಕಳು ಓಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇಲ್ಲಿನ ಕಾಡಂಚಿನ ಊರುಗಳಿಂದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿ ಕೊಟ್ಟಿತ್ತು. ದೇಶಕ್ಕೆ ಆಡಿದವರೂ ಅವರಲ್ಲಿದ್ದಾರೆ. ಯೋಜನೆ ಕೆಲವೇ ವರ್ಷಕ್ಕೆ ನಿಂತುಹೋಯಿತು, ಮಕ್ಕಳು ವಾಪಸ್ಸು ಊರಿಗೆ ಬಂದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮನ್ನು ತಡೆಯುತ್ತಿರುವುದು ಬರೀ ಎರಡು ಪ್ರಶ್ನೆ. ಉತ್ತರ ಕೊಟ್ಟು ಮುಂದೆ ಹೋಗಿ.

ಸಮುದ್ರ ದಂಡೆಯಲ್ಲಿ ಬರಿಗಾಲಲ್ಲಿ ಓಡಿದರೆ ಒಳ್ಳೆಯದು ಅಂತ ಕೇಳಿ ಶುರು ಮಾಡಿದೆ. ಮೂರೇ ವಾರಕ್ಕೆ ಮೊಣಕಾಲ ಕೆಳಗೆ ಮುಂಭಾಗದ ಎಲುಬು ನೋಯುತ್ತಿದೆ.
– ಕುಮಟಾ

ಒಳ್ಳೆಯದು ಅಂದವರು ಎಷ್ಟು ಅಂತ ಹೇಳಲಿಲ್ಲ ಅನಿಸುತ್ತದೆ. ಒಣ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಕಾಲು ಹೂತು ಹೋಗುತ್ತದೆ, ಮೀನಖಂಡ ಎರಡೆರಡು ಕೆಲಸ ಮಾಡುತ್ತದೆ. ಅದರ ಮೇಲೆ ದಂಡೆ ಸಮುದ್ರದ ಕಡೆ ಇಳಿಜಾರು. ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ. ಹೋದಷ್ಟೇ ದೂರ ಅದೇ ದಾರಿಯಲ್ಲಿ ವಾಪಸ್ಸು ಓಡಿ ಬನ್ನಿ.

ಇಳಿತದ ಹೊತ್ತು ನೋಡಿಕೊಂಡು, ನೀರು ಈಗಷ್ಟೇ ಬಿಟ್ಟುಹೋದ ಒದ್ದೆ ಮರಳಿನ ಮೇಲೆ ಓಡಿ. ಅದು ಸಿಮೆಂಟಿನಷ್ಟು ಗಟ್ಟಿ ಅಲ್ಲ, ಹಿಟ್ಟಿನಷ್ಟು ಮೆತ್ತಗೂ ಅಲ್ಲ. ಇಳಿತದ ಗಂಟೆ ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿತ್ಯ ಆರು ಗಂಟೆಗೇ ಓಡುತ್ತೇನೆ ಅಂದರೆ ಸಮುದ್ರ ಕೇಳುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆ ಆಚೀಚೆ ನೀರು ಜಾಸ್ತಿ ದೂರ ಇಳಿಯುತ್ತದೆ. ಲೆಕ್ಕ ಗೊತ್ತಾಗದಿದ್ದರೆ ದೋಣಿಯವರನ್ನು ಕೇಳಿ, ಮೊಬೈಲ್ ತೆಗೆಯುವುದರೊಳಗೆ ಹೇಳುತ್ತಾರೆ.

ಸದ್ಯಕ್ಕೆ ಎರಡು ವಾರ ಓಟ ಬಿಡಿ. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ಜೀವ ಹೋಗುವಷ್ಟು ನೋವಾದರೆ, ಅಥವಾ ಸುಮ್ಮನೆ ಕೂತಾಗಲೂ ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಡಾಕ್ಟರಿಗೆ ತೋರಿಸಿ.

ಓಡುವಾಗ ಕಿವಿಗೆ ಇಯರ್‌ಫೋನ್ ಹಾಕಿ ಪುಸ್ತಕ ಕೇಳಿದರೆ ಅದು ಓದಿದ ಹಾಗೆ ಆಗುತ್ತದಾ?
– ಯಲ್ಲಾಪುರ

ಆಗುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಮಹಾಭಾರತ ತಿಳಿದುಕೊಂಡದ್ದು ತಾಳಮದ್ದಳೆ ಕೇಳಿ, ಓದಿ ಅಲ್ಲ. ಆದರೆ ರಸ್ತೆಯಲ್ಲಿ ಒಂದು ಕಿವಿ ಖಾಲಿ ಇಡಿ. ನಿಮ್ಮೂರ ತಿರುವುಗಳಲ್ಲಿ ಲಾರಿ ಹಾರ್ನ್ ಹೊಡೆಯುವುದು ಸುಮ್ನೆ ಅಲ್ಲ.

ನಿವೃತ್ತ ಶಿಕ್ಷಕ, 66 ವರ್ಷ. ನೌಕರಿಯಲ್ಲಿದ್ದಾಗ "ಆಮೇಲೆ ಓದಿದರಾಯ್ತು" ಅಂತ ಪುಸ್ತಕ ಕೊಳ್ಳುತ್ತಲೇ ಹೋದೆ. ಈಗ ಎರಡು ಕಪಾಟು ತುಂಬಿವೆ. ಬಾಗಿಲು ತೆರೆದರೆ ಭಯವಾಗುತ್ತದೆ. ಇವನ್ನೆಲ್ಲ ಓದದೇ ಹೋಗಿಬಿಡುತ್ತೇನಲ್ಲ ಅಂತ. ಓಡುವ ವಯಸ್ಸಂತೂ ಅಲ್ಲ, ಓದುವುದಕ್ಕಾದರೂ ಏನಾದರೂ ಕ್ರಮ ಹೇಳಿ.
– ಹೊನ್ನಾವರ

ಮಾಸ್ತರ್ರೇ, ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾ? ದಿನಕ್ಕೆ 10 ಪುಟ ಅಂದರೆ ವರ್ಷಕ್ಕೆ 3,650. ಇನ್ನೂರು ಪುಟದ ಪುಸ್ತಕವಾದರೆ ಹದಿನೆಂಟು. ಎರಡು ಕಪಾಟು ಖಾಲಿಯಾಗುವುದಿಲ್ಲ. ಹಾಗಾಗಿ ಖಾಲಿ ಮಾಡುವ ಯೋಚನೆಯನ್ನೇ ಬಿಡಿ. ಬೇಕೇ ಬೇಕು ಅನಿಸುವ ನಲವತ್ತನ್ನು ತೆಗೆದಿಟ್ಟು ಉಳಿದದ್ದನ್ನು ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಕೊಡಲು ಆಗುತ್ತದಾ ಅಂತ ಕೇಳಿ ನೋಡಿ. ಕೊಡುವಾಗ ಹೊಟ್ಟೆ ಉರಿಯುತ್ತದೆ. ಕೊಟ್ಟ ಮೇಲೆ ಬೇಕಾದರೆ ಅಲ್ಲೇ ಹೋಗಿ ಓದಬಹುದು, ಯಾರೂ ತಡೆಯುವುದಿಲ್ಲ.

ಕ್ರಮ ಅಂತ ಕೇಳಿದಿರಿ. ನನಗೆ ಗೊತ್ತಿರುವುದು ಒಂದೇ.

ನಮ್ಮಪ್ಪನಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಪೂರಾ ಮಂಜಾಗಿತ್ತು. ಅವರು ಶಿರಸಿ ಹತ್ತಿರದ ಮನೆಯಲ್ಲಿ, ನಾನು ಇಲ್ಲಿ. ದಿನಾ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಇಪ್ಪತ್ತು ನಿಮಿಷ ಕಾದಂಬರಿ ಓದುತ್ತಿದ್ದೆ. ಅಣ್ಣ ಫೋನನ್ನು ಅವರ ಮಂಚದ ಪಕ್ಕ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದ. ಐದನೇ ಪುಟಕ್ಕೆ ಗೊರಕೆ ಕೇಳುತ್ತಿತ್ತು. ಮರುದಿನ "ನಿನ್ನೆ ಎಲ್ಲಿಗೆ ಬಂದಿತ್ತೋ ಅಲ್ಲಿಂದ ಓದು" ಅನ್ನುತ್ತಿದ್ದರು, ಅವರ ಪ್ರಕಾರ ನಿನ್ನೆ ಬಂದದ್ದು ಎರಡನೇ ಪುಟಕ್ಕೆ. ಮಧ್ಯೆ ಮಧ್ಯೆ ಕತೆ ನಿಲ್ಲಿಸಿ ಪಾತ್ರಗಳಿಗೆ ಬೈಯುತ್ತಿದ್ದರು, ಅಡಿಕೆ ದರ ಕೇಳುತ್ತಿದ್ದರು. ಕರೆಂಟು ಹೋಗಿ, ಟವರ್ ಹೋಗಿ, ಎಷ್ಟೋ ರಾತ್ರಿ ನಾನೊಬ್ಬಳೇ ಖಾಲಿ ಫೋನಿಗೆ ಅರ್ಧ ಪುಟ ಓದಿದ್ದೂ ಉಂಟು. ಮುನ್ನೂರು ಪುಟದ ಪುಸ್ತಕ ಏಳು ತಿಂಗಳು ತೆಗೆದುಕೊಂಡಿತು. ಆ ವರ್ಷ ಒಬ್ಬಳೇ ಕೂತು ಓದಿದ ಪುಸ್ತಕಗಳ ಹೆಸರೂ ಈಗ ನೆನಪಿಲ್ಲ. ಇದರದ್ದು ಯಾವ ಸಾಲಿಗೆ ಅಪ್ಪ ಕೆಮ್ಮಿದರು ಅನ್ನುವುದೂ ನೆನಪಿದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಓದಿಸಿಕೊಳ್ಳುವವರು ಯಾರಾದರೂ ಇದ್ದೇ ಇರುತ್ತಾರೆ. ಮೊಮ್ಮಗು, ಹೆಂಡತಿ, ಪಕ್ಕದ ಮನೆಯ ಅಜ್ಜಿ. ನಲವತ್ತು ವರ್ಷ ತರಗತಿಯಲ್ಲಿ ಓದಿದ ಗಂಟಲು ನಿಮ್ಮದು, ಅದನ್ನು ಯಾಕೆ ಸುಮ್ಮನೆ ಕೂರಿಸಿದ್ದೀರಿ? ಮತ್ತೆ 66 ಓಡುವ ವಯಸ್ಸಲ್ಲ ಅಂತ ಯಾರು ಹೇಳಿದರು? ಅದನ್ನು ಇನ್ನೊಂದು ವಾರ ಜಗಳವಾಡೋಣ.

ನನಗೆ 20, ಡಿಗ್ರಿ ಕೊನೆಯ ವರ್ಷ. ಎಲ್ಲರೂ ನಿನ್ನ ಪ್ಯಾಶನ್ ಕಂಡುಕೋ, ಅದರ ಹಿಂದೆ ಹೋಗು ಅನ್ನುತ್ತಾರೆ. ನನಗೆ ಯಾವ ಪ್ಯಾಶನ್ನೂ ಇಲ್ಲ. ಸಂಜೆ ಬೀಚಿನಲ್ಲಿ ಕೂತು ಯೋಚಿಸುತ್ತೇನೆ, ಏನೂ ಹೊಳೆಯುವುದಿಲ್ಲ. ನನ್ನಲ್ಲೇ ಏನೋ ಕೊರತೆಯಾ?
– ಕಾರವಾರ

ತಂಗೀ, ನೀನು ಕೂರುವ ಬೀಚಿನಲ್ಲೇ ಒಬ್ಬ ಇಪ್ಪತ್ತೆರಡರ ಹುಡುಗ ಕೂತು ಯೋಚಿಸಿದ್ದ. 1883ರಲ್ಲಿ. ಅವನ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶ. ಒಂದು ರಾತ್ರಿ ಎಲ್ಲರೂ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ಬೆಳದಿಂಗಳಲ್ಲಿ ತಿರುಗಿ, ಅಳಿವೆಯ ಹತ್ತಿರ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಆಮೇಲೆ ಬರೆದುಕೊಂಡಿದ್ದಾನೆ. ಬೀಚಿಗೆ ಈಗ ಅವನದೇ ಹೆಸರು, ಟ್ಯಾಗೋರ್. ಇಲ್ಲಿದ್ದಾಗ ಅವನು ಬರೆದ ನಾಟಕ 'ಪ್ರಕೃತಿರ್ ಪ್ರತಿಶೋಧ'. ಅದರಲ್ಲಿ ಒಬ್ಬ ಸನ್ಯಾಸಿ. ಎಲ್ಲ ಕಟ್ಟು ಹರಿದುಕೊಂಡರೆ ದೊಡ್ಡ ಸತ್ಯ ಸಿಗುತ್ತದೆ ಅಂತ ಹೊರಟವನು. ಯಾರೂ ಇಲ್ಲದ ಒಂದು ಸಣ್ಣ ಹುಡುಗಿ ಅವನಿಗೆ ಅಂಟಿಕೊಳ್ಳುತ್ತಾಳೆ, ಅವಳ ಪ್ರೀತಿ ಅವನನ್ನು ಮತ್ತೆ ಲೋಕಕ್ಕೆ ಎಳೆಯುತ್ತದೆ. ಇಪ್ಪತ್ತೆರಡಕ್ಕೆ ಅಷ್ಟು ತಿಳಿದಿತ್ತಲ್ಲ ಅಂತ ನನಗೆ ಹೊಟ್ಟೆಕಿಚ್ಚು.

ಟ್ಯಾಗೋರ್ ದೊಡ್ಡ ಮನೆಯ ಮಗ, ಕೂತು ಯೋಚಿಸಲು ಪುರುಸೊತ್ತಿತ್ತು ಅನ್ನುತ್ತೀಯಾ? ಸರಿ, ಇಲ್ಲೇ ಹತ್ತಿರದವರನ್ನು ಹೇಳುತ್ತೇನೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ. ಸಣ್ಣವರಿದ್ದಾಗಲೇ ಅಪ್ಪ ತೀರಿಕೊಂಡರು. ಶಾಲೆಗೆ ಹೋಗಲಿಲ್ಲ. ಅಮ್ಮನ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ದಿನಗೂಲಿಗೆ ಹೋದರು. ಸುಮಾರು ಮೂವತ್ತೈದು ವರ್ಷ ದಿನಗೂಲಿಯೇ, ಆಮೇಲೆ ಕಾಯಂ ಆಯಿತು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಕಾಡಿನಲ್ಲಿ ತಾಯಿಮರ ಯಾವುದು ಅನ್ನುವುದು ಅವರಿಗೆ ಗೊತ್ತಿದ್ದ ಹಾಗೆ ಓದಿದವರಿಗೆ ಗೊತ್ತಿರಲಿಲ್ಲ. 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ಮಗು ಮೊದಲ ದಿನ ನರ್ಸರಿಗೆ ಹೋದದ್ದು ಪ್ಯಾಶನ್ ಹಿಂದೆ ಅಲ್ಲ, ಗಂಜಿಯ ಹಿಂದೆ. ಆದರೆ ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೆ ಸಸಿ ಬಾಡುತ್ತದೆ. ಹಾಗಾಗಿ ಮರುದಿನವೂ ಹೋಗಬೇಕು.

ಬಡತನ ಒಳ್ಳೆಯದು ಅಂತ ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಮೂವತ್ತೈದು ವರ್ಷ ದಿನಗೂಲಿಯಲ್ಲಿ ಇಟ್ಟದ್ದು ಹೆಮ್ಮೆಪಡುವ ವಿಷಯವೇನಲ್ಲ. ನಾನು ಹೇಳುವುದು ಇಷ್ಟು: ಹೊಳೆಯಲಿ ಅಂತ ಕಾಯುತ್ತಾ ಕೂತರೆ ಸೊಳ್ಳೆ ಕಚ್ಚುತ್ತದೆ. ಪರೀಕ್ಷೆ ಮುಗಿಸು, ಸಿಕ್ಕಿದ ಕೆಲಸಕ್ಕೆ ಅರ್ಜಿ ಹಾಕು. ಜೊತೆಗೆ ವಾರಕ್ಕೆ ಎರಡು ಸಂಜೆ, ನೀನು ಹೋಗದಿದ್ದರೆ ಯಾರಿಗಾದರೂ ತೊಂದರೆಯಾಗುವಂಥ ಒಂದು ಕೆಲಸ ಹಿಡಿ. ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಾದರೂ ಆದೀತು. ಇಷ್ಟವಾಗದಿದ್ದರೆ ಆರು ತಿಂಗಳ ಮೇಲೆ ಬಿಟ್ಟು ಇನ್ನೊಂದು ಹಿಡಿ. ಕೊರತೆ ಗಿರತೆ ಏನಿಲ್ಲ ನಿನ್ನಲ್ಲಿ. ಆಮೇಲೆ, ಕತ್ತಲಾದ ಮೇಲೆ ಒಬ್ಬಳೇ ಕೂರಬೇಡ ಅಂತ ನಿಮ್ಮಮ್ಮ ಹೇಳಿದ್ದರೆ ಅದು ಸರಿಯೇ.

ಪ್ರತಿ ವಾರ ಓಟ, ಪುಸ್ತಕ, ಬದುಕು. ನಿಮಗೆ ಬೇರೆ ವಿಷಯವೇ ಇಲ್ಲವೇ? ಓದಿ ಓದಿ ಸಾಕಾಗಿದೆ.
– ಭಟ್ಕಳ

ರಾಯರೇ, ನಿಮ್ಮ ಐವತ್ತು ಪೈಸೆಯ ಕಾರ್ಡು ತಲುಪಿತು. ಬೇರೆ ವಿಷಯ ನಿಜಕ್ಕೂ ಇಲ್ಲ. ಆದರೆ ಹೋದ ತಿಂಗಳು ನನ್ನ ಬರಹ ತಡವಾಗಿ ಒಂದು ವಾರ ಈ ಪುಟ ಬಂದಿರಲಿಲ್ಲ. ಅದರ ಬಗ್ಗೆ ಕಚೇರಿಗೆ ಬಂದದ್ದು ಒಂದೇ ಒಂದು ಕಾರ್ಡು. ಹೆಸರಿರಲಿಲ್ಲ. "ಈ ವಾರ ಯಾಕಿಲ್ಲ?" ಅಂತ ಒಂದೇ ಸಾಲು, ಹಸಿರು ಶಾಯಿ, ಭಟ್ಕಳದ ಮುದ್ರೆ. ಅವತ್ತಿನ 'ಯ' ಮತ್ತು ಇವತ್ತಿನ 'ಯ' ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಎರಡಕ್ಕೂ ಬಾಲ ಒಂದೇ ಕಡೆ ಬಾಗಿದೆ.